ಯಾರಿಗೆ ಎಷ್ಟು ಕಾಣಬೇಕು?

ಬಂಡೀಪುರ ಕಾಡಂಚಿನ ಎನ್. ಬೇಗೂರಿನ ಸುತ್ತಮುತ್ತ ಈಗ ಯಾವ ಕೆಲಸಕ್ಕೆ ಕೈಹಾಕಿದರೂ ಅದಕ್ಕೊಂದು ವಾಟ್ಸ್‌ಆ್ಯಪ್ ಗ್ರೂಪು ಇರುತ್ತದೆ. ಹಾಲಿನ ಡೈರಿಗೆ ಒಂದು, ಶಾಲೆಯ ಎಸ್‌ಡಿಎಂಸಿಗೆ ಒಂದು, ಸ್ತ್ರೀಶಕ್ತಿ ಸಂಘಕ್ಕೆ ಒಂದು, ಹತ್ತಿ, ಶುಂಠಿ ಬೆಳೆಯುವವರಿಗೆ ಒಂದು, ಕಾಡಿನಿಂದ ಆನೆ ಇಳಿದರೆ ಎಚ್ಚರಿಸುವುದಕ್ಕೆ ಇನ್ನೊಂದು. ಗ್ರೂಪಿನ ಬೆನ್ನಿಗೇ ಒಂದು ಗೂಗಲ್ ಶೀಟಿನ ಲಿಂಕೂ ಬರುತ್ತದೆ: ‘ಎಲ್ಲರೂ ತಮ್ಮ ತಮ್ಮ ವಿವರ ತುಂಬಿ.’ ಹೆಸರು, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ತಾರೀಖು, ಮೊಬೈಲ್, ಆಧಾರ್, ಬ್ಯಾಂಕ್ ಖಾತೆ, ಜಾತಿ, ರೇಷನ್ ಕಾರ್ಡು. ಸಂಜೆಯೊಳಗೆ ತುಂಬಿ ಮುಗಿಯುತ್ತದೆ. ಆಮೇಲೆ ಆ ಶೀಟು ಎಲ್ಲಿದೆ, ಯಾರ ಕೈಯಲ್ಲಿದೆ ಎಂದು ಕೇಳುವವರು ಯಾರೂ ಇರುವುದಿಲ್ಲ.

ನಾನು ಹುಟ್ಟಿ ಬೆಳೆದದ್ದು ಇದೇ ಸೀಮೆಯಲ್ಲಿ. ಈಗ ಕೆಲಸ ಮೈಸೂರಿನಲ್ಲಿ. ಹತ್ತಾರು ಜನ ಬೇರೆ ಬೇರೆ ಕಡೆ ಕೂತು ಒಂದೇ ಕಡತದ ಮೇಲೆ ಕೆಲಸ ಮಾಡುವಂಥ ಸಾಫ್ಟ್‌ವೇರ್‌ಗಳಲ್ಲಿ ಬಳಕೆದಾರರ ಖಾತೆ, ಪ್ರೊಫೈಲ್, ಅನುಮತಿ ಇವಿಷ್ಟು ನನ್ನ ಪಾಲಿನವು. ಪ್ರೊಫೈಲಿಗೆ ಹೊಸದೊಂದು ಮಾಹಿತಿ ಸೇರಿಸುವ ಮುನ್ನ ನಮ್ಮ ತಂಡದಲ್ಲಿ ದೊಡ್ಡ ಚರ್ಚೆಯೇ ನಡೆಯುತ್ತದೆ: ಇದು ಬೇಕೇ? ಯಾರಿಗೆ ಕಾಣಬೇಕು? ಎಷ್ಟು ಕಾಲ ಇರಬೇಕು? ಈ ಚರ್ಚೆ ಕಂಪನಿಯ ಕೋಣೆಗಿಂತ ನಮ್ಮೂರಿನ ಗ್ರೂಪುಗಳಲ್ಲಿ ಹೆಚ್ಚು ನಡೆಯಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಕಂಪನಿಯ ನೌಕರನ ಮಾಹಿತಿ ಸೋರಿದರೆ ದೂರು ಕೊಡಲು ಅವನಿಗೊಂದು ವಿಭಾಗವಿದೆ. ಆದಿವಾಸಿ ಹಾಡಿಯ ಹೆಣ್ಣುಮಗಳ ಆಧಾರ್ ನಂಬರು ಸೋರಿದರೆ ಅವಳಿಗೆ ಅದು ಗೊತ್ತೇ ಆಗುವುದಿಲ್ಲ.

ಪ್ರೊಫೈಲಿನಲ್ಲಿ ಏನೇನಿದೆ?

ಪ್ರೊಫೈಲ್ ಅಂದ ಕೂಡಲೇ ಫೋಟೊ, ಹೆಸರು ನೆನಪಾಗುತ್ತವೆ. ಅದು ಮೇಲಿನ ಪದರ ಮಾತ್ರ. ನಾವೇ ತುಂಬಿದ್ದು, ಬೇಕೆಂದಾಗ ಬದಲಿಸಬಹುದಾದದ್ದು. ಅದರ ಕೆಳಗೆ ಸಾಫ್ಟ್‌ವೇರ್ ತಾನೇ ಬರೆದುಕೊಳ್ಳುವ ಪದರವಿದೆ: ಯಾವಾಗ ಒಳಗೆ ಬಂದಿರಿ, ಯಾವ ಫೋನಿನಿಂದ, ಯಾವ ಐಪಿ ವಿಳಾಸದಿಂದ, ಕೊನೆಗೆ ಕಂಡದ್ದು ಎಷ್ಟು ಹೊತ್ತಿಗೆ. ಮೂರನೆಯದು ನಾವು ಮಾಡಿದ ಕೆಲಸದ ದಾಖಲೆ. ಯಾವ ಸಾಲು ತಿದ್ದಿದಿರಿ, ಏನನ್ನು ಅಳಿಸಿದಿರಿ, ಯಾರಿಗೆ ಉತ್ತರ ಕೊಟ್ಟಿರಿ, ಎಲ್ಲವೂ ಅಲ್ಲಿ ಗಂಟೆ ನಿಮಿಷದ ಸಮೇತ ನಿಂತಿರುತ್ತವೆ.

ಒಬ್ಬರೇ ಬಳಸುವ ಆ್ಯಪ್‌ನಲ್ಲಿ ಈ ಮೂರೂ ನಿಮ್ಮ ಮತ್ತು ಕಂಪನಿಯ ನಡುವಿನ ವಿಷಯ. ಒಟ್ಟಿಗೆ ಕೆಲಸ ಮಾಡುವ ಕಡೆ ಮಾತು ಬೇರೆ. ಈ ಸಾಲನ್ನು ತಿದ್ದಿದವರು ಯಾರು ಎಂದು ಗೊತ್ತಾಗದಿದ್ದರೆ ಕೆಲಸವೇ ನಡೆಯುವುದಿಲ್ಲ. ಹಾಗಾಗಿ ಎಲ್ಲವನ್ನೂ ಮುಚ್ಚಿಡಿ ಎಂದು ನಾನು ಹೇಳಲಾರೆ. ಕೆಲಸ ನಡೆಯಲು ಎಷ್ಟು ಗೊತ್ತಿರಬೇಕೋ ಅಷ್ಟು ಕಾಣಲಿ, ಅದಕ್ಕಿಂತ ಹೆಚ್ಚು ಬೇಡ. ಆ ಗೆರೆ ಎಳೆಯುವ ಹೊಣೆ ಮಾಹಿತಿ ಕೊಟ್ಟವರದಲ್ಲ, ಕೇಳಿದವರದು.

ಒಂದು ಶೀಟನ್ನು ಬಿಚ್ಚಿ ನೋಡಿದಾಗ

ನಮ್ಮ ಸಂಬಂಧಿಕರ ಹೆಣ್ಣುಮಗಳೊಬ್ಬಳು ಸ್ತ್ರೀಶಕ್ತಿ ಸಂಘದ ಪುಸ್ತಕ ಬರೆಯುತ್ತಾಳೆ. ಮಕ್ಕಳ ವಿದ್ಯಾರ್ಥಿವೇತನದ ಹೆಸರಿನಲ್ಲಿ ಸಂಸ್ಥೆಯೊಂದು ಸುತ್ತಲಿನ ಊರುಗಳಿಗೆಲ್ಲ ಹಂಚಿದ್ದ ಶೀಟಿನ ಲಿಂಕನ್ನು ನನಗೆ ಕಳಿಸಿ, ಫೋನು ಮಾಡಿದಳು. “ಅಕ್ಕಾ, ಇದ್ರಲ್ಲಿ ನಮ್ಮನೆದು ತುಂಬಕ್ಕೆ ಅಂತ ತೆಗುದ್ರೆ ಊರೋರ್ದೆಲ್ಲ ಕಾಣ್ತದೆ. ಹಂಗಾದ್ರೆ ನಂದೂ ಎಲ್ರಿಗೂ ಕಾಣ್ತದಲ್ವಾ?”

ಅವಳ ಪ್ರಶ್ನೆಯಲ್ಲೇ ಉತ್ತರವಿತ್ತು. ಲಾಗಿನ್ ಆಗದೆಯೇ ಶೀಟು ತೆರೆಯಿತು. ‘ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು’ ಎಂಬ ಅನುಮತಿ ಅದಕ್ಕಿತ್ತು. ಬಲಮೂಲೆಯಲ್ಲಿ ಪ್ರಾಣಿಗಳ ಚಿತ್ರವಿರುವ ಪುಟ್ಟ ಪುಟ್ಟ ವೃತ್ತಗಳು ಮೂಡುತ್ತಿದ್ದವು. ಖಾತೆಯ ಗುರುತಿಲ್ಲದೆ ಶೀಟು ನೋಡುತ್ತಿರುವವರಿಗೆ ಗೂಗಲ್ ಕೊಡುವ ಅನಾಮಧೇಯ ಗುರುತು ಅದು. ಎಂದರೆ ನಮ್ಮ ಹಾಗೆಯೇ ಇನ್ನೂ ಯಾರೋ ಅದೇ ಹೊತ್ತಿನಲ್ಲಿ ಆ ಶೀಟಿನೊಳಗಿದ್ದರು. ಅವರು ಯಾರೆಂದು ಶೀಟು ಮಾಡಿದವರಿಗೂ ತಿಳಿಯದು. ಮಕ್ಕಳ ಹೆಸರು, ಶಾಲೆ, ತರಗತಿ, ತಾಯಿಯ ಮೊಬೈಲು, ಆಧಾರ್, ಖಾತೆ ನಂಬರು ಎಲ್ಲ ಒಂದೇ ಸಾಲಿನಲ್ಲಿ ನೆಟ್ಟಗೆ ಕೂತಿದ್ದವು.

ವಿಷಯ ಮುಟ್ಟಿಸಿದ ಮೇಲೆ ಸಂಸ್ಥೆಯವರು ಆಧಾರ್ ಕಾಲಂ ಅನ್ನು ‘ಹೈಡ್’ ಮಾಡಿದರು. ಬಹಳ ಜನ ಸರಿಪಡಿಸಿದೆವು ಎಂದುಕೊಳ್ಳುವುದು ಇಲ್ಲಿಯೇ. ಅಡಗಿಸಿದ ಕಾಲಂ ಅನ್ನು ತಿದ್ದುವ ಅನುಮತಿ ಇರುವ ಯಾರು ಬೇಕಾದರೂ ಮತ್ತೆ ತೆರೆಯಬಹುದು. ಇಡೀ ಕಾಲಂ ಅಳಿಸಿದರೂ ‘ವರ್ಶನ್ ಹಿಸ್ಟರಿ’ಯಲ್ಲಿ ಹಳೆಯ ಪ್ರತಿ ಉಳಿದಿರುತ್ತದೆ; ತಿದ್ದುವ ಅನುಮತಿ ಇದ್ದವರಿಗೆ ಅದೂ ಸಿಗುತ್ತದೆ. ಒಟ್ಟಿಗೆ ಕೆಲಸ ಮಾಡುವ ಸಾಫ್ಟ್‌ವೇರ್‌ಗಳ ಮುಖ್ಯ ಗುಣವೇ ಇದು. ಯಾರಾದರೂ ತಪ್ಪಿ ಅಳಿಸಿದರೆ ಮರಳಿ ಪಡೆಯಲೆಂದೇ ಅವು ಹಳೆಯದನ್ನೆಲ್ಲ ನೆನಪಿಟ್ಟುಕೊಳ್ಳುತ್ತವೆ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಮೊದಲು ಲಿಂಕಿನ ಅನುಮತಿಯನ್ನು ‘ನಿರ್ಬಂಧಿತ’ ಎಂದು ಬದಲಿಸಿ, ಬೇಕಾದವರ ಇಮೇಲ್ ಮಾತ್ರ ಸೇರಿಸುವುದು. ಬೇಡದ ಕಾಲಂ ಅಳಿಸಿ, ಶೀಟಿನ ಹೊಸ ಪ್ರತಿ ಮಾಡಿಕೊಳ್ಳುವುದು. ಹೊಸ ಪ್ರತಿಗೆ ಹಳೆಯ ಇತಿಹಾಸ ಅಂಟಿಕೊಂಡು ಬರುವುದಿಲ್ಲ. ಹಳೆಯದನ್ನು ಅಳಿಸಿ, ಕಸದ ಬುಟ್ಟಿಯಿಂದಲೂ ತೆಗೆಯುವುದು. ಇನ್ನು ಜನರಿಂದ ವಿವರ ಪಡೆಯುವುದಕ್ಕೆ ಶೀಟನ್ನೇ ಹಂಚಬೇಕಾಗಿಲ್ಲ. ಗೂಗಲ್ ಫಾರ್ಮ್ ಕಳಿಸಿದರೆ ಪ್ರತಿಯೊಬ್ಬರೂ ತಮ್ಮದನ್ನು ಮಾತ್ರ ತುಂಬುತ್ತಾರೆ, ಪಕ್ಕದ ಮನೆಯದು ಕಾಣುವುದಿಲ್ಲ. ಉತ್ತರಗಳ ಸಾರಾಂಶ ತೋರಿಸುವ ಆಯ್ಕೆಯನ್ನು ಮಾತ್ರ ಮುಚ್ಚಿಡಬೇಕು.

ನಮ್ಮ ಸಂಘದ ಹೆಂಗಸರಿಗೆ ಈ ತತ್ವವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹಣದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಮನೆಯಲ್ಲಿ, ಲೆಕ್ಕದ ಪುಸ್ತಕ ಮತ್ತೊಬ್ಬರ ಹತ್ತಿರ ಇಟ್ಟು ಅವರು ಸಂಘ ನಡೆಸುತ್ತ ಬಂದವರು. ದುಡ್ಡಿಗೆ ಇಟ್ಟ ಆ ಶಿಸ್ತನ್ನು ಮಾಹಿತಿಗೂ ಇಟ್ಟರೆ ಆಯಿತು.

ಒಂದು ಫೋನು, ಒಂದು ಮನೆ

ಇಂಥ ಸಾಫ್ಟ್‌ವೇರ್‌ಗಳನ್ನು ಕಟ್ಟುವವರು ಒಬ್ಬ ಮನುಷ್ಯನಿಗೆ ಒಂದು ನಂಬರು ಎಂದು ಭಾವಿಸುತ್ತಾರೆ. ನಮ್ಮ ಕಡೆ ಮನೆಗೊಂದು ಫೋನಿರುವುದೂ ಉಂಟು. ತಾಯಿಯ ಸಂಘ, ಮಗಳ ಕಾಲೇಜು, ಅಪ್ಪನ ಡೈರಿ ಎಲ್ಲಕ್ಕೂ ಅದೇ ನಂಬರು. ಒಟಿಪಿ ಮಗನ ಕೈಯಲ್ಲಿರುವ ಫೋನಿಗೆ ಬರುತ್ತದೆ. ರೀಚಾರ್ಜ್ ಇಲ್ಲದೆ ನಂಬರು ಸತ್ತುಹೋದರೆ ಕನಿಷ್ಠ 90 ದಿನಗಳ ನಂತರ ಕಂಪನಿ ಅದನ್ನು ಬೇರೆಯವರಿಗೆ ಕೊಡಬಹುದು. ಹಳೆಯ ಗ್ರೂಪುಗಳಲ್ಲಿ, ಶೀಟುಗಳಲ್ಲಿ, ಬ್ಯಾಂಕಿನಲ್ಲಿ ಮಾತ್ರ ಅದು ಆ ತಾಯಿಯ ನಂಬರಾಗಿಯೇ ಉಳಿದಿರುತ್ತದೆ. ಇವಳಿಗೆ ಬರಬೇಕಾದ ಸುದ್ದಿ ಅಪರಿಚಿತರಿಗೆ ಹೋಗುತ್ತದೆ. ಮಾಹಿತಿಯನ್ನು ಕಾಪಾಡುವುದು ಎಂದರೆ ಮುಚ್ಚಿಡುವುದಷ್ಟೇ ಅಲ್ಲ, ಕಾಲಕಾಲಕ್ಕೆ ತಿದ್ದುವುದೂ ಹೌದು.

ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪ್ರತಿ ಸದಸ್ಯರ ನಂಬರು ಉಳಿದೆಲ್ಲರಿಗೂ ಕಾಣುತ್ತದೆ. ಗ್ರೂಪಿಗೆ 1,024 ಜನರವರೆಗೆ ಸೇರಬಹುದು. ಆನೆ ಬಂದ ಸುದ್ದಿ ತಿಳಿಯಲೆಂದು ಸೇರಿದ ಹೆಣ್ಣುಮಗಳ ನಂಬರು ಆ ಎಲ್ಲರ ಕೈಗೂ ಸಿಗುತ್ತದೆ. ರಾತ್ರಿ ಹೊತ್ತು ಗೊತ್ತಿಲ್ಲದವರ ಕರೆ ಬಂತೆಂದು ಗ್ರೂಪು ಬಿಟ್ಟವರನ್ನು ನಾನು ಬಲ್ಲೆ. ಆನೆಯ ಸುದ್ದಿ ಅವರಿಗೇ ಹೆಚ್ಚು ಬೇಕಾಗಿತ್ತು; ಮುಂಜಾನೆ ಹೊಲಕ್ಕೆ ಹೋಗುವವರು ಅವರೇ. ಸುದ್ದಿ ಒಂದೇ ದಿಕ್ಕಿಗೆ ಹರಿಯುವ ಇಂಥ ಕೆಲಸಕ್ಕೆ ವಾಟ್ಸ್‌ಆ್ಯಪ್ ಚಾನೆಲ್ ಸರಿಯಾದದ್ದು. ಅಲ್ಲಿ ಹಿಂಬಾಲಿಸುವವರ ನಂಬರು ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಮಾತುಕತೆ ಬೇಕಾದ ಚಿಕ್ಕ ಬಳಗಕ್ಕೆ ಮಾತ್ರ ಗ್ರೂಪು ಇರಲಿ. ‘ನನ್ನನ್ನು ಗ್ರೂಪಿಗೆ ಯಾರು ಸೇರಿಸಬಹುದು’ ಎಂಬ ಆಯ್ಕೆಯನ್ನು ‘ನನ್ನ ಸಂಪರ್ಕದಲ್ಲಿರುವವರು’ ಎಂದು ಬದಲಿಸಿಕೊಳ್ಳುವುದನ್ನು ನಾನು ಕಂಡವರಿಗೆಲ್ಲ ಕಲಿಸಿಕೊಡುತ್ತೇನೆ.

ಕನ್ನಡ ವಿಕಿಪೀಡಿಯದಿಂದ ಕಲಿಯಬಹುದಾದದ್ದು

ಲೋಕಕ್ಕೆಲ್ಲ ತೆರೆದಿದ್ದೂ ಸದಸ್ಯರನ್ನು ಕಾಪಾಡುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಕನ್ನಡ ವಿಕಿಪೀಡಿಯವನ್ನು ತೋರಿಸುತ್ತೇನೆ. 2003ರಲ್ಲಿ ಆರಂಭವಾದ ಅದರಲ್ಲಿ ಇಂದು 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಸಮುದಾಯದ ಚರ್ಚೆ ನಡೆಯುವ ಜಾಗಕ್ಕೆ ಅಲ್ಲಿ ‘ಅರಳಿ ಕಟ್ಟೆ’ ಎಂದೇ ಹೆಸರು.

ಖಾತೆ ತೆರೆಯಲು ಅಲ್ಲಿ ಕೇಳುವುದು ಒಂದು ಬಳಕೆಯ ಹೆಸರು ಮತ್ತು ಪಾಸ್‌ವರ್ಡ್ ಮಾತ್ರ. ನಿಜವಾದ ಹೆಸರು ಬೇಕಿಲ್ಲ, ಫೋನ್ ನಂಬರು ಬೇಕಿಲ್ಲ. ಇಮೇಲ್ ಕೊಡುವುದು ಐಚ್ಛಿಕ, ಕೊಟ್ಟರೂ ಬೇರೆಯವರಿಗೆ ಕಾಣದು. ಇನ್ನೊಬ್ಬ ಸದಸ್ಯರು ಅದರ ಮೂಲಕ ನಿಮಗೆ ಇಮೇಲ್ ಕಳಿಸಬಹುದು, ಆಗಲೂ ನಿಮ್ಮ ವಿಳಾಸ ಅವರಿಗೆ ಸಿಗುವುದಿಲ್ಲ. ಆದರೆ ಕಳಿಸಿದವರ ವಿಳಾಸ ನಿಮಗೆ ಕಾಣುತ್ತದೆ; ಹಾಗಾಗಿ ಕಳಿಸುವ ಮುನ್ನ, ಉತ್ತರಿಸುವ ಮುನ್ನ ಯೋಚಿಸಬೇಕು.

ಹಿಂದೆ ಖಾತೆಯಿಲ್ಲದೆ ತಿದ್ದಿದವರ ಐಪಿ ವಿಳಾಸ ಲೇಖನದ ಇತಿಹಾಸದಲ್ಲಿ ಎಲ್ಲರಿಗೂ ಕಾಣುವಂತೆ ದಾಖಲಾಗುತ್ತಿತ್ತು. ಹೆಸರು ಹೇಳಬಾರದೆಂದು ಖಾತೆ ತೆರೆಯದವರೇ ಹೆಚ್ಚು ಬಯಲಾಗುತ್ತಿದ್ದರು. ವಿಕಿಮೀಡಿಯ ಪ್ರತಿಷ್ಠಾನ 2024ರ ಕೊನೆಯಿಂದ ಹಂತ ಹಂತವಾಗಿ ತನ್ನ ವಿಕಿಗಳಲ್ಲಿ ಇದನ್ನು ಬದಲಿಸುತ್ತ ಬಂದಿದೆ. ಈಗ ಅಂಥವರಿಗೆ ತಾತ್ಕಾಲಿಕ ಖಾತೆಯೊಂದು ತಾನಾಗಿ ಹುಟ್ಟುತ್ತದೆ, ಐಪಿಯ ಬದಲು ಅದರ ಹೆಸರು ಕಾಣುತ್ತದೆ. ಕಿಡಿಗೇಡಿಗಳನ್ನು ಹಿಡಿಯಲು ಐಪಿ ನೋಡಲೇಬೇಕಾದಾಗ ಅದಕ್ಕೆ ಪ್ರತ್ಯೇಕ ಅಧಿಕಾರವಿರುವ ಕೆಲವರಿದ್ದಾರೆ. ಲಾಗಿನ್ ಆದವರ ಐಪಿಯನ್ನು ನೋಡಬಲ್ಲ ‘ಚೆಕ್‌ಯೂಸರ್’ ಅಧಿಕಾರ ಬೇಕಾದರೆ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಬೇಕು. ಅವರು ನೋಡಿದ್ದೂ ದಾಖಲಾಗುತ್ತದೆ. ಆ ಮಾಹಿತಿ ಅಲ್ಲಿ ಉಳಿಯುವುದು 90 ದಿನ ಮಾತ್ರ. ಯಾರು ನೋಡಬಹುದು, ನೋಡಿದ್ದಕ್ಕೆ ಲೆಕ್ಕ ಎಲ್ಲಿ, ಯಾವಾಗ ಅಳಿಸಬೇಕು, ಮೂರಕ್ಕೂ ಅಲ್ಲಿ ಉತ್ತರವಿದೆ.

ಅಲ್ಲಿ ಆಗದ ಕೆಲಸವೂ ಒಂದಿದೆ. ವಿಕಿಪೀಡಿಯದ ಖಾತೆಯನ್ನು ಅಳಿಸಲು ಬರುವುದಿಲ್ಲ. ಬರೆದವರ ಹೆಸರು ಉಳಿಯಬೇಕೆಂಬುದು ಅದರ ಮುಕ್ತ ಪರವಾನಗಿಯ ಷರತ್ತು. ಹೋಗಬೇಕೆಂದವರು ಬಳಕೆಯ ಹೆಸರನ್ನು ಬದಲಿಸಿಕೊಂಡು ಮರೆಯಾಗಬಹುದು, ಮಾಡಿದ ಕೆಲಸ ಆ ಹೊಸ ಹೆಸರಿನಲ್ಲಿ ಉಳಿಯುತ್ತದೆ. ಕಾಲೇಜುಗಳ ಕಾರ್ಯಾಗಾರದಲ್ಲಿ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಉತ್ಸಾಹದಿಂದ ಸದಸ್ಯರ ಪುಟದಲ್ಲಿ ಊರು, ಕಾಲೇಜು, ಮೊಬೈಲ್ ನಂಬರು ಬರೆದುಬಿಡುವುದುಂಟು. ಆಮೇಲೆ ತಾವೇ ಅಳಿಸಿದರೂ ‘ಇತಿಹಾಸ’ದಲ್ಲಿ ಅದು ಸಿಗುತ್ತದೆ. ಅದನ್ನು ಇತಿಹಾಸದಿಂದಲೂ ಮರೆಮಾಡುವ ವ್ಯವಸ್ಥೆ ಇದೆ. ಕೇಳಿಕೊಂಡರೆ ಅಧಿಕಾರವಿರುವವರು ಮಾಡಿಕೊಡುತ್ತಾರೆ. ಕೇಳಬಹುದು ಎಂಬುದೇ ಎಷ್ಟೋ ಜನರಿಗೆ ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಕಾಡಂಚಿನ ಗೋಪ್ಯತೆ

ಬಂಡೀಪುರ 1973ರಲ್ಲಿ ದೇಶದ ಮೊದಲ ಒಂಬತ್ತು ಹುಲಿ ಮೀಸಲು ಪ್ರದೇಶಗಳಲ್ಲಿ ಒಂದಾಯಿತು. ನಮ್ಮೂರಿನ ಹೆಸರಿನಲ್ಲೇ ಅದರ ಒಂದು ವಲಯವಿದೆ. ಹಕ್ಕಿ, ಹೂ, ಚಿಟ್ಟೆಗಳ ಫೋಟೊ ತೆಗೆದು ‘ಐನ್ಯಾಚುರಲಿಸ್ಟ್’ಗೆ ಏರಿಸುವ ಹುಡುಗರು ಇಲ್ಲೂ ಇದ್ದಾರೆ. ಲೋಕದ ಯಾವ ಮೂಲೆಯವರಾದರೂ ಆ ಜೀವಿಯ ಹೆಸರು ಗುರುತಿಸಿಕೊಡುವ ಒಳ್ಳೆಯ ಜಾಗ ಅದು. ಅಪಾಯದಲ್ಲಿರುವ ಪ್ರಾಣಿಯ ಫೋಟೊ ಹಾಕಿದರೆ ಅದು ನಿಖರವಾದ ಜಾಗವನ್ನು ತಾನಾಗಿ ಮರೆಮಾಡುತ್ತದೆ. ಸುಮಾರು 22 ಕಿ.ಮೀ. ಉದ್ದಗಲದ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕೆ ಇಡುತ್ತದೆ. ಬೇಟೆಗಾರರಿಗೆ ದಾರಿ ತೋರಿಸಬಾರದೆಂಬ ಕಾಳಜಿ.

ಹುಲಿಗೆ ಸಿಗುವ ಈ ರಕ್ಷಣೆ ಫೋಟೊ ತೆಗೆದವರಿಗೆ ತಾನಾಗಿ ಸಿಗುವುದಿಲ್ಲ. ದಿನಾ ಬೆಳಿಗ್ಗೆ ಮನೆಯ ಹಿತ್ತಿಲಿನ ಚಿಟ್ಟೆಗಳನ್ನೇ ಹಾಕುವ ಹುಡುಗಿಯ ಪ್ರೊಫೈಲ್ ನೋಡಿದರೆ ಅವಳ ಮನೆ ಯಾವುದೆಂದು ನಕ್ಷೆಯೇ ಹೇಳುತ್ತದೆ. ಪ್ರತಿ ಫೋಟೊಗೂ ‘ಮುಕ್ತ’, ‘ಮಸುಕು’, ‘ಖಾಸಗಿ’ ಎಂಬ ಮೂರು ಆಯ್ಕೆಗಳಿವೆ. ಮನೆಯ ಸುತ್ತಲಿನ ಫೋಟೊಗಳಿಗೆ ‘ಮಸುಕು’ ಆರಿಸಿದರೆ ವಿಜ್ಞಾನಕ್ಕೂ ಹೆಚ್ಚಿನ ನಷ್ಟವಿಲ್ಲ, ಅವಳಿಗೂ ನೆಮ್ಮದಿ.

ಪ್ರಾಣಿಗಾಗಿ ಇಟ್ಟ ಕಣ್ಣು ಮನುಷ್ಯರ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಉತ್ತರಾಖಂಡದ ಕಾರ್ಬೆಟ್ ಕಡೆಯ ಅಧ್ಯಯನವೊಂದು ತೋರಿಸಿತು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ತ್ರಿಶಾಂತ್ ಸಿಮ್ಲಾಯಿ 14 ತಿಂಗಳು ಅಲ್ಲಿನ ಜನರ ನಡುವೆ ಓಡಾಡಿ ಮಾಡಿದ ಆ ಅಧ್ಯಯನ 2024ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಸೌದೆ, ಸೊಪ್ಪಿಗೆಂದು ಕಾಡಿಗೆ ಹೋದ ಹೆಂಗಸರು ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ ಸೆರೆಯಾಗುತ್ತಿದ್ದರು. ಬಹಿರ್ದೆಸೆಗೆ ಕೂತ ಒಬ್ಬಾಕೆಯ ಚಿತ್ರ ಊರಿನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಹರಿದಾಡಿತ್ತು. ಕ್ಯಾಮೆರಾ ಇದೆಯೆಂಬ ಅಳುಕಿಗೆ ಹೆಂಗಸರು ಕಾಡಿನಲ್ಲಿ ಹಾಡುವುದನ್ನೂ ಗಟ್ಟಿಯಾಗಿ ಮಾತಾಡುವುದನ್ನೂ ಕಡಿಮೆ ಮಾಡಿದರು. ಆನೆ, ಹುಲಿ ಹತ್ತಿರ ಸುಳಿಯದಿರಲೆಂದೇ ಅವರು ಹಾಡುತ್ತಿದ್ದದ್ದು. ಗೋಪ್ಯತೆ ಹೋದರೆ ಜೀವಕ್ಕೇ ಕುತ್ತು ಎಂಬುದು ಕಾಡಂಚಿನವರಿಗೆ ಮಾತಿನ ಅಲಂಕಾರವಲ್ಲ.

ನಮ್ಮ ಭಾಗದ ಹಾಡಿಗಳಲ್ಲಿ ಇನ್ನೊಂದು ವಿಷಯವಿದೆ. ಜೇನುಕುರುಬರು, ಕಾಡುಕುರುಬರು ಬಲ್ಲ ಜೇನಿನ ಮರ, ಗೆಡ್ಡೆಗೆಣಸಿನ ಜಾಗ, ದೇವರ ನೆಲೆ ಇವು ಯಾರೊಬ್ಬರ ಪ್ರೊಫೈಲಿನೊಳಗೂ ಬರುವುದಿಲ್ಲ, ಇಡೀ ಸಮುದಾಯದವು. 2006ರ ಅರಣ್ಯ ಹಕ್ಕು ಕಾಯ್ದೆ ಜೀವವೈವಿಧ್ಯಕ್ಕೆ ಸಂಬಂಧಿಸಿದ ಪಾರಂಪರಿಕ ಜ್ಞಾನದ ಮೇಲೆ ಸಮುದಾಯದ ಹಕ್ಕನ್ನು ಒಪ್ಪಿಕೊಂಡಿದೆ. ಅದರ ಅರ್ಜಿಗಾಗಿ ಜಿಪಿಎಸ್ ಹಿಡಿದು ಮಾಡುವ ನಕ್ಷೆಯನ್ನು ಯಾವುದೋ ಮುಕ್ತ ನಕ್ಷೆಗೆ ಏರಿಸಲು ಒಬ್ಬ ಯುವಕನ ಒಪ್ಪಿಗೆ ಸಾಲದು. ಹಾಡಿಯ ಹಿರಿಯರು, ಹೆಂಗಸರು ಎಲ್ಲ ಸೇರಿದ ಸಭೆಯಲ್ಲಿ ಅದು ತೀರ್ಮಾನವಾಗಬೇಕು.

ಕಾನೂನು ಎಲ್ಲಿ ಕೈಹಿಡಿಯುತ್ತದೆ?

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂಬ ತೀರ್ಪಿಗೆ ಕಾರಣರಾದವರು ಕನ್ನಡ ನಾಡಿನವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು. 2024ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು.

ಆ ತೀರ್ಪಿನ ಹಾದಿಯಲ್ಲೇ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮಾಹಿತಿ ಸಂಗ್ರಹಿಸುವವರ ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶವಿದೆ. ಅವು ಜಾರಿಗೆ ಬಂದಾಗ ನಿಮ್ಮ ಯಾವ ಮಾಹಿತಿ ಅವರ ಬಳಿ ಇದೆಯೆಂದು ಕೇಳುವ, ತಿದ್ದಿಸುವ, ಅಳಿಸಿಸುವ ಹಕ್ಕು ನಿಮಗೆ ಸಿಗುತ್ತದೆ. ಒಪ್ಪಿಗೆಯ ನೋಟಿಸನ್ನು ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಎಂದರೆ ಕನ್ನಡದಲ್ಲೂ, ಓದುವ ಆಯ್ಕೆ ಕೊಡಬೇಕು. 18 ವರ್ಷ ತುಂಬದವರ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆ ಬೇಕು. ಸುರಕ್ಷತೆಯಲ್ಲಿ ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ಒಂದು ಮಾತನ್ನು ಮಾತ್ರ ಮರೆಯಬಾರದು. ನೀವೇ ಸ್ವಂತ ಇಚ್ಛೆಯಿಂದ ಸಾರ್ವಜನಿಕವಾಗಿ ಹಾಕಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಎಲ್ಲರಿಗೂ ಕಾಣುವ ಪ್ರೊಫೈಲಿನಲ್ಲಿ ನೀವು ಬರೆದ ಫೋನ್ ನಂಬರನ್ನು ಯಾರಾದರೂ ಎತ್ತಿಕೊಂಡರೆ ಈ ಕಾಯ್ದೆಯ ನೆರವು ಸಿಗುವುದು ಕಷ್ಟ. ಆ ಒಂದು ಖಾನೆಯನ್ನು ಖಾಲಿ ಬಿಡುವುದು ಕೋರ್ಟಿಗಿಂತ ಬೇಗ ಕೈಹಿಡಿಯುತ್ತದೆ.

ಗುಂಪು ನಡೆಸುವವರಿಗೆ

ಶಾಲೆ, ಸಂಘ, ಡೈರಿ ಯಾವುದೇ ಇರಲಿ, ಹತ್ತು ಜನರ ಮಾಹಿತಿ ಕೂಡಿಹಾಕುವವರು ಇವಿಷ್ಟನ್ನು ಪಾಲಿಸಬೇಕೆಂದು ನನ್ನ ವಿನಂತಿ:

• ಬೇಕಾದದ್ದನ್ನು ಮಾತ್ರ ಕೇಳಿ. ಹಾಜರಾತಿಗೆ ಆಧಾರ್ ಬೇಕಿಲ್ಲ, ಪ್ರವಾಸದ ಪಟ್ಟಿಗೆ ಜಾತಿ ಬೇಕಿಲ್ಲ.
• ಆಧಾರ್ ಪ್ರತಿ ಕೇಳಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಪಡೆಯಿರಿ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲೇ ಅದು ಸಿಗುತ್ತದೆ.
• ಯಾರು ನೋಡಬಹುದು, ಯಾರು ತಿದ್ದಬಹುದು ಎಂದು ಹೆಸರು ಹೇಳಿ ನಿರ್ಧರಿಸಿ. ಹುದ್ದೆ ಬಿಟ್ಟವರ ಅನುಮತಿಯನ್ನು ಅದೇ ದಿನ ತೆಗೆಯಿರಿ.
• ಓದಲು ಬಾರದವರಿಗೆ ಏನು ತುಂಬುತ್ತಿದ್ದೀರಿ, ಅದು ಯಾರಿಗೆ ಕಾಣುತ್ತದೆ ಎಂದು ಬಾಯಲ್ಲಿ ಹೇಳಿ.
• ಬೇಡವೆಂದವರಿಗೆ ಬೇರೆ ದಾರಿ ಇಡಿ. ಕಾಗದದಲ್ಲಿ ಬರೆದುಕೊಟ್ಟರೂ ಸೌಲಭ್ಯ ಸಿಗಬೇಕು.
• ಅಳಿಸುವ ತಾರೀಖನ್ನು ಶೀಟಿನ ಮೊದಲ ಸಾಲಿನಲ್ಲೇ ಬರೆಯಿರಿ.

ಕೊನೆಯ ಸಾಲು ಪಾಲನೆಯಾಗುವುದು ಕಷ್ಟ, ಕೆಲಸ ಮುಗಿದ ಮೇಲೆ ಶೀಟು ನೆನಪಿರುವುದಿಲ್ಲ. ಅದಕ್ಕೆ ನನ್ನದೊಂದು ಸಲಹೆಯಿದೆ. ನಮ್ಮಲ್ಲಿ ಗ್ರಾಮಸಭೆ ನಡೆಯುತ್ತದೆ, ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ, ಅಲ್ಲಿ ಕಂಪ್ಯೂಟರೂ ಇದೆ. ಊರಿನ ಜನರ ಮಾಹಿತಿ ಇರುವ ಶೀಟುಗಳು ಯಾರ ಯಾರ ಬಳಿ ಎಷ್ಟಿವೆ ಎಂಬ ಪಟ್ಟಿಯನ್ನು ಪ್ರತಿ ಗ್ರಾಮಸಭೆಗೂ ಮುನ್ನ ಅರಿವು ಕೇಂದ್ರದಲ್ಲಿ ತಯಾರಿಸಬೇಕು. ಪಟ್ಟಿಯಲ್ಲಿ ಜನರ ವಿವರ ಬೇಡ. ಶೀಟಿನ ಹೆಸರು, ಇಟ್ಟುಕೊಂಡವರು, ಉದ್ದೇಶ ಇಷ್ಟು ಸಾಕು. ಸಭೆಯಲ್ಲಿ ಅದನ್ನು ಓದಬೇಕು. ಕೆಲಸ ಮುಗಿದವನ್ನು ಅಳಿಸಿದ್ದೇವೆಂದು ನಡಾವಳಿಯಲ್ಲಿ ಬರೆಯಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಅನುದಾನ ಬೇಕಿಲ್ಲ. ಜನ ನಂಬಿ ಕೊಟ್ಟ ಮಾಹಿತಿಗೆ ಲೆಕ್ಕ ಒಪ್ಪಿಸುವ ಈ ಪದ್ಧತಿಯನ್ನು ಬರುವ ಗ್ರಾಮಸಭೆಯಿಂದಲೇ ಶುರುಮಾಡಬಹುದು.